ಚೀಲ, ಶೀಸೆ, ಚೀಟಿಗಳ ಮೇಲಿನ ಇಂಗ್ಲಿಷ್: ರೈತರಿಗೊಂದು ಪದಪಾಠ

ಬಿತ್ತನೆ ಬೀಜ ವಾಡೆಯಲ್ಲಿಯೂ ಗೊಬ್ಬರ ತಿಪ್ಪೆಯಲ್ಲಿಯೂ ಸಿದ್ಧವಾಗುತ್ತಿದ್ದ ಕಾಲದಲ್ಲಿ ಬೇಸಾಯಕ್ಕೆ ಓದಿನ ಅವಶ್ಯಕತೆ ಅಷ್ಟಾಗಿ ಇರಲಿಲ್ಲ. ಇಂದಿನ ಸ್ಥಿತಿ ಬೇರೆ. ಬೀಜ, ರಸಗೊಬ್ಬರ, ಕೀಟನಾಶಕ, ಕಳೆನಾಶಕ ಇವೆಲ್ಲವೂ ಅಂಗಡಿಯಿಂದ ಬರುತ್ತವೆ. ಪ್ರತಿಯೊಂದರ ಮೇಲೂ ಬರಹವಿರುತ್ತದೆ. ಆ ಬರಹವನ್ನು ಓದಿ ನಡೆದರೆ ಲಾಭ, ಓದದೆ ನಡೆದರೆ ಹಣ ನಷ್ಟ, ಬೆಳೆ ನಷ್ಟ, ಕೆಲವೊಮ್ಮೆ ಪ್ರಾಣಕ್ಕೇ ಅಪಾಯ. ಆದರೆ ಈ ಬರಹದಲ್ಲಿ ದೊಡ್ಡ ಅಕ್ಷರದ ಭಾಗ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ ಕನ್ನಡವನ್ನು ಸರಾಗವಾಗಿ ಓದುವ ರೈತರೂ ಅದನ್ನು ಓದದೆ ಬಿಡುತ್ತಾರೆ.

ಚಾಮರಾಜನಗರ ತಾಲ್ಲೂಕಿನ ಚಂದಕವಾಡಿ ಹೋಬಳಿಯಲ್ಲಿ ಈ ಸಮಸ್ಯೆ ಇನ್ನೂ ಸ್ವಲ್ಪ ಹೆಚ್ಚು. ಅರಿಶಿನ, ಸೂರ್ಯಕಾಂತಿ, ಮುಸುಕಿನ ಜೋಳ, ನೆಲಗಡಲೆ, ಬಾಳೆ, ಟೊಮ್ಯಾಟೊ, ಸಣ್ಣ ಈರುಳ್ಳಿ ಮುಂತಾದ ಬೆಳೆಗಳಿರುವ ಈ ಭಾಗ ಗಡಿಗೆ ಹತ್ತಿರ. ಚಾಮರಾಜನಗರ ಜಿಲ್ಲೆಯು ತಮಿಳುನಾಡು, ಕೇರಳ ಎರಡಕ್ಕೂ ತಾಗಿಕೊಂಡಿದೆ. ಕೀಟನಾಶಕದ ಚೀಟಿ ಮತ್ತು ಕರಪತ್ರ ಹಿಂದಿ, ಇಂಗ್ಲಿಷ್ ಅಲ್ಲದೆ ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲಿಯೂ ಇರಬೇಕೆಂದು 1971ರ ಕೀಟನಾಶಕ ನಿಯಮಗಳು ವಿಧಿಸಿವೆ. ಆದರೆ ಗಡಿಯಾಚೆಯ ಪೇಟೆಯಲ್ಲಿ ಕೊಂಡ ಪೊಟ್ಟಣದಲ್ಲಿ ಆ ಪ್ರಾದೇಶಿಕ ಭಾಷೆ ತಮಿಳೋ ಮಲಯಾಳವೋ ಆಗಿರಬಹುದು. ಆಗ ಚಂದಕವಾಡಿಯ ರೈತನಿಗೆ ಉಳಿಯುವ ದಾರಿ ಇಂಗ್ಲಿಷ್ ಒಂದೇ.

ಇದಕ್ಕಾಗಿ ಇಂಗ್ಲಿಷ್ ಭಾಷೆಯನ್ನೇ ಕಲಿಯಬೇಕಾಗಿಲ್ಲ. ಚೀಲ, ಶೀಸೆ, ಚೀಟಿಗಳ ಮೇಲೆ ಮತ್ತೆ ಮತ್ತೆ ಬರುವ ಪದಗಳು ಸುಮಾರು ಐವತ್ತು ಮಾತ್ರ. ಐದನೆಯ ತರಗತಿಯಿಂದ ಇಂಗ್ಲಿಷ್ ಆರಂಭವಾಗುತ್ತಿದ್ದ ಕಾಲದಲ್ಲಿ ಕನ್ನಡ ಶಾಲೆಗೆ ಹೋದ ರೈತರಿಗೂ ಅಕ್ಷರಗಳ ಪರಿಚಯವಿರುತ್ತದೆ. ಇಲ್ಲದಿರುವುದು ಅರ್ಥದ ಪರಿಚಯ. ಆ ಕೊರತೆಯನ್ನು ತುಂಬಿಕೊಳ್ಳುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪದವನ್ನು ವಾಕ್ಯದೊಡನೆ ಕಲಿಯಬೇಕು

ಪದವೊಂದನ್ನೇ ಬಾಯಿಪಾಠ ಮಾಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಒಂದೇ ಪದಕ್ಕೆ ಒಂದೊಂದು ಕಡೆ ಒಂದೊಂದು ಅರ್ಥವಿರುತ್ತದೆ. ಉದಾಹರಣೆಗೆ, ಕೀಟನಾಶಕದ ಶೀಸೆಯ ಮೇಲೆ 'ಇ.ಸಿ.' ಎಂದಿದ್ದರೆ 'ಎಮಲ್ಸಿಫಯಬಲ್ ಕಾನ್ಸನ್‌ಟ್ರೇಟ್', ಅಂದರೆ ನೀರಿಗೆ ಹಾಕಿದೊಡನೆ ಹಾಲಿನಂತೆ ಬೆರೆಯುವ ಸಾಂದ್ರ ದ್ರಾವಣ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಅದೇ 'ಇ.ಸಿ.' ಎಂದಿದ್ದರೆ 'ಎಲೆಕ್ಟ್ರಿಕಲ್ ಕಂಡಕ್ಟಿವಿಟಿ', ಅಂದರೆ ಮಣ್ಣಿನಲ್ಲಿ ಕರಗಿರುವ ಲವಣದ ಅಳತೆ. ಅಕ್ಷರ ಎರಡೂ ಕಡೆ ಒಂದೇ, ವಿಷಯ ಮಾತ್ರ ಪೂರ್ತಿ ಬೇರೆ.

ಕಿವಿಗೆ ಒಂದೇ ರೀತಿ ಕೇಳಿಸುವ ಪದಗಳೂ ಇವೆ. 'ನೆಟ್ ವೆಯ್ಟ್' ಎಂಬಲ್ಲಿ ವೆಯ್ಟ್ ಎಂದರೆ ತೂಕ. 'ವೆಯ್ಟಿಂಗ್ ಪೀರಿಯಡ್' ಎಂಬಲ್ಲಿ ವೆಯ್ಟ್ ಎಂದರೆ ಕಾಯುವುದು. ತೂಕದ ಪದದಲ್ಲಿ ಡಬ್ಲ್ಯೂ ನಂತರ ಇ, ಐ, ಜಿ, ಎಚ್, ಟಿ ಅಕ್ಷರಗಳಿರುತ್ತವೆ. ಕಾಯುವ ಪದದಲ್ಲಿ ಡಬ್ಲ್ಯೂ ನಂತರ ಎ, ಐ, ಟಿ ಮಾತ್ರ. ಆದ್ದರಿಂದ ಪ್ರತಿಯೊಂದು ಪದವನ್ನೂ ನಾಲ್ಕು ಅಂಶಗಳೊಡನೆ ಕಲಿಯುವುದು ಒಳ್ಳೆಯದು: ಪದ, ಅದರ ಅರ್ಥ, ಅದು ಬರುವ ವಾಕ್ಯ, ವಾಕ್ಯವನ್ನು ಓದಿದ ಮೇಲೆ ಮಾಡಬೇಕಾದ ಕೆಲಸ.

ಶೀಸೆಯ ಮೇಲಿನ ಎಚ್ಚರಿಕೆಯ ಪದಗಳು

ಹಳ್ಳಿಗಳಲ್ಲಿ ಕೀಟನಾಶಕವನ್ನು 'ಔಷಧಿ', 'ಮದ್ದು' ಎಂದು ಕರೆಯುವುದು ರೂಢಿ. ಮನುಷ್ಯರ ಕಾಯಿಲೆಗೆ ಕೊಡುವುದಕ್ಕೂ ಅದೇ ಹೆಸರು. ಹೀಗಾಗಿ ಶೀಸೆಯೊಳಗಿರುವುದು ವಿಷವೆಂಬ ಭಾವನೆ ಮನೆಯವರಲ್ಲಿ, ಮುಖ್ಯವಾಗಿ ಮಕ್ಕಳಲ್ಲಿ, ಮೂಡುವುದಿಲ್ಲ. ಶೀಸೆಯ ಮೇಲಿನ ಇಂಗ್ಲಿಷ್ ಪದ ಇದನ್ನು ಮುಚ್ಚಿಡದೆ ಹೇಳುತ್ತದೆ. ಆದ್ದರಿಂದ ಮೊದಲು ಕಲಿಯಬೇಕಾದ ಪದ ಇದು.

ಕೀಟನಾಶಕದ ಚೀಟಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದಂತಹ ಒಂದು ಚೌಕವಿರುತ್ತದೆ. ಇದು ಚೀಟಿಯ ಮುಖಭಾಗದ ಹದಿನಾರರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇರಬಾರದೆಂಬ ನಿಯಮವಿದೆ. ಚೌಕದ ಮೇಲರ್ಧದಲ್ಲಿ ಎಚ್ಚರಿಕೆಯ ಪದ, ಕೆಳ ಅರ್ಧದಲ್ಲಿ ಬಣ್ಣ ಇರುತ್ತದೆ.

ಪಾಯ್ಸನ್ - ವಿಷ. ಕೆಳಗೆ ಕೆಂಪು ಬಣ್ಣ, ಮೇಲೆ ತಲೆಬುರುಡೆ ಮತ್ತು ಮೂಳೆಗಳ ಚಿತ್ರವಿದ್ದರೆ ಅದು ಅತ್ಯಂತ ಹೆಚ್ಚಿನ ವಿಷ. ಹಳದಿ ಬಣ್ಣವಿದ್ದರೂ ಪದ ಪಾಯ್ಸನ್ ಎಂದೇ ಇರುತ್ತದೆ, ಆದರೆ ಬುರುಡೆಯ ಚಿತ್ರ ಇರುವುದಿಲ್ಲ. ಚಿತ್ರವಿಲ್ಲವೆಂದು ಹಗುರವಾಗಿ ಕಾಣಬಾರದು.

ಡೇಂಜರ್ - ಅಪಾಯ. ಇದಕ್ಕೆ ನೀಲಿ ಬಣ್ಣ, ಮಧ್ಯಮ ವಿಷ. ವಿದ್ಯುತ್ ಕಂಬದ ಫಲಕದಲ್ಲಿ ಬುರುಡೆಯ ಜೊತೆಗೆ ಕಾಣುವ ಪದವೂ ಇದೇ. ಆ ರೂಢಿಯಿಂದ ಡೇಂಜರ್ ಎಂಬುದೇ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಎಂದು ತಿಳಿಯುವವರಿದ್ದಾರೆ. ಶೀಸೆಯ ಮೇಲೆ ಹಾಗಲ್ಲ. ಅಲ್ಲಿ ಪಾಯ್ಸನ್ ಎಂಬುದು ಡೇಂಜರ್‌ಗಿಂತ ಮೇಲಿನದು.

ಕಾಷನ್ - ಎಚ್ಚರ. ಇದಕ್ಕೆ ಹಸಿರು ಬಣ್ಣ. ವಿಷದ ಅಂಶ ಕಡಿಮೆ. ಹಸಿರು ಎಂದರೆ ನಿರಪಾಯವೆಂದು ಅರ್ಥವಲ್ಲ. ಕೈಗವಸು, ಮುಖಗವಸು ಇದಕ್ಕೂ ಬೇಕು.

ಕೀಪ್ ಔಟ್ ಆಫ್ ದಿ ರೀಚ್ ಆಫ್ ಚಿಲ್ಡ್ರನ್ - ಇದು ಚೀಟಿಗಳ ಮೇಲೆ ಹೆಚ್ಚಾಗಿ ಕಾಣುವ ವಾಕ್ಯ. ರೀಚ್ ಎಂದರೆ ಕೈಗೆಟಕುವುದು, ಚಿಲ್ಡ್ರನ್ ಎಂದರೆ ಮಕ್ಕಳು. ಮಕ್ಕಳ ಕೈಗೆ ಎಟಕದ ಕಡೆ ಇಡಿ ಎಂದರ್ಥ. ಮಾಡಬೇಕಾದ ಕೆಲಸ: ಸೂರಿನ ಸಂದಿನಲ್ಲಿಯೂ ಅಡಿಗೆ ಮನೆಯ ಗೂಡಿನಲ್ಲಿಯೂ ಇಡದೆ ಬೀಗ ಹಾಕುವ ಪೆಟ್ಟಿಗೆಯಲ್ಲಿ ಇಡುವುದು.

ಇಫ್ ಸ್ವಾಲೋಡ್, ಕಾಲ್ ಫಿಜಿಷಿಯನ್ ಇಮ್ಮೀಡಿಯಟ್ಲಿ - ಸ್ವಾಲೋ ಎಂದರೆ ನುಂಗು, ಫಿಜಿಷಿಯನ್ ಎಂದರೆ ವೈದ್ಯ, ಇಮ್ಮೀಡಿಯಟ್ಲಿ ಎಂದರೆ ಕೂಡಲೆ. ನುಂಗಿದರೆ ಕೂಡಲೆ ವೈದ್ಯರನ್ನು ಕಾಣಬೇಕು.

ಡು ನಾಟ್ ಇಂಡ್ಯೂಸ್ ವಾಮಿಟಿಂಗ್ - ಇಂಡ್ಯೂಸ್ ಎಂದರೆ ಬರುವಂತೆ ಮಾಡು, ವಾಮಿಟಿಂಗ್ ಎಂದರೆ ವಾಂತಿ. ವಾಂತಿ ಮಾಡಿಸಬೇಡಿ ಎಂದರ್ಥ. ವಿಷ ಕುಡಿದವರಿಗೆ ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸುವ ಪದ್ಧತಿ ಹಳ್ಳಿಗಳಲ್ಲಿದೆ. ಇ.ಸಿ. ರೂಪದ ಕೀಟನಾಶಕಗಳಲ್ಲಿ ಪೆಟ್ರೋಲಿಯಂ ಜಾತಿಯ ದ್ರಾವಕಗಳಿರುವುದರಿಂದ ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದು ಹೆಚ್ಚಿನ ಹಾನಿಯಾಗುತ್ತದೆ. ಪ್ರಜ್ಞೆ ತಪ್ಪಿದವರಿಗೆ ಬಾಯಿಯ ಮೂಲಕ ಏನನ್ನೂ ಕೊಡಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸುವುದೇ ಸರಿಯಾದ ಕ್ರಮ.

ಆಂಟಿಡೋಟ್ - ವಿಷಕ್ಕೆ ಪ್ರತಿಯಾಗಿ ಕೊಡುವ ಮದ್ದು, ಪ್ರತಿವಿಷ. ಈ ಪದದ ಮುಂದೆ ಬರೆದಿರುವುದು ವೈದ್ಯರಿಗಾಗಿ. ರೋಗಿಯ ಜೊತೆಗೆ ಶೀಸೆಯ ಚೀಟಿ ಅಥವಾ ಕರಪತ್ರವನ್ನು ಆಸ್ಪತ್ರೆಗೆ ಕೊಂಡೊಯ್ದರೆ ಚಿಕಿತ್ಸೆ ಬೇಗ ಆರಂಭವಾಗುತ್ತದೆ. ಕೆಲವು ಚೀಟಿಗಳಲ್ಲಿ 'ನೋ ಸ್ಪೆಸಿಫಿಕ್ ಆಂಟಿಡೋಟ್. ಟ್ರೀಟ್ ಸಿಂಪ್ಟಮ್ಯಾಟಿಕಲಿ' ಎಂದಿರುತ್ತದೆ. 'ನೋ' ಎಂಬುದನ್ನಷ್ಟೇ ಓದಿ 'ಇದಕ್ಕೆ ಪ್ರತಿವಿಷವೇ ಬೇಡವಂತೆ, ಅಷ್ಟು ವಿಷವಲ್ಲ' ಎಂದು ತಿಳಿದರೆ ಅನಾಹುತವಾಗುತ್ತದೆ. ಇದಕ್ಕೆಂದೇ ಗೊತ್ತುಪಡಿಸಿದ ಪ್ರತಿವಿಷ ಇಲ್ಲ, ಕಂಡುಬರುವ ಲಕ್ಷಣಗಳನ್ನು ನೋಡಿಕೊಂಡು ವೈದ್ಯರು ಚಿಕಿತ್ಸೆ ಮಾಡಬೇಕು ಎಂಬುದು ಇದರ ಅರ್ಥ. ಅಂದರೆ ಇಲ್ಲಿ ಎಚ್ಚರಿಕೆ ಇನ್ನೂ ಹೆಚ್ಚಾಗಿ ಬೇಕು.

ಬಾಲ ಒಂದು, ಪದ ಹಲವು

ಇಂಗ್ಲಿಷಿನ ಅನೇಕ ಪದಗಳಿಗೆ ಬಾಲವಿರುತ್ತದೆ. ಬಾಲವೊಂದನ್ನು ಅರಿತರೆ ಹಲವು ಪದಗಳು ಒಟ್ಟಿಗೆ ತಿಳಿಯುತ್ತವೆ. 'ಸೈಡ್' ಎಂಬ ಬಾಲಕ್ಕೆ ಕೊಲ್ಲುವುದು ಎಂದರ್ಥ. ಇದು ಲ್ಯಾಟಿನ್ ಭಾಷೆಯಿಂದ ಬಂದುದು.

ಇನ್‌ಸೆಕ್ಟ್ ಎಂದರೆ ಕೀಟ, ಇನ್‌ಸೆಕ್ಟಿಸೈಡ್ ಕೀಟನಾಶಕ. ಫಂಗಸ್ ಎಂದರೆ ಶಿಲೀಂಧ್ರ, ಫಂಗಿಸೈಡ್ ಶಿಲೀಂಧ್ರನಾಶಕ. ವೀಡ್ ಎಂದರೆ ಕಳೆ. ವೀಡಿಸೈಡ್ ಕಳೆನಾಶಕ, ಇದನ್ನೇ ಹರ್ಬಿಸೈಡ್ ಎಂದೂ ಬರೆದಿರುತ್ತಾರೆ. ಮೈಟ್ ಎಂದರೆ ನುಸಿ, ಮಿಟಿಸೈಡ್ ನುಸಿನಾಶಕ. ನೆಮಟೋಡ್ ಎಂದರೆ ಜಂತುಹುಳು, ನೆಮಟಿಸೈಡ್ ಜಂತುನಾಶಕ. ರೋಡೆಂಟ್ ಎಂದರೆ ಇಲಿ ಹೆಗ್ಗಣಗಳ ಜಾತಿ, ರೋಡೆಂಟಿಸೈಡ್ ಇಲಿಪಾಷಾಣ.

ಇದರ ಉಪಯೋಗ ಹೊಲದಲ್ಲಿ ಕಾಣುತ್ತದೆ. ಅರಿಶಿನದ ಎಲೆಚುಕ್ಕೆ ರೋಗ ಶಿಲೀಂಧ್ರದಿಂದ ಬರುವಂಥದು. ಅದಕ್ಕೆ ಇನ್‌ಸೆಕ್ಟಿಸೈಡ್ ಎಷ್ಟು ಸಲ ಸಿಂಪಡಿಸಿದರೂ ಗುಣ ಕಾಣುವುದಿಲ್ಲ; ಹಣ ಪೋಲಾಗುತ್ತದೆ, ಉಪಕಾರಿ ಕೀಟಗಳು ಸಾಯುತ್ತವೆ. ಅಂಗಡಿಯವರು ಕೊಟ್ಟ ಶೀಸೆಯ ಮೇಲಿನ ಪದದ ತಲೆ ಯಾವುದೆಂದು ನೋಡಿಕೊಂಡರೆ ಈ ತಪ್ಪು ಅಲ್ಲಿಯೇ ತಿಳಿಯುತ್ತದೆ.

ಬಾಲದಂತೆಯೇ ಪದದ ಮುಂದೆ ಸೇರುವ ತುಂಡುಗಳೂ ಇವೆ. 'ಪ್ರೀ' ಎಂದರೆ ಮುಂಚೆ, 'ಪೋಸ್ಟ್' ಎಂದರೆ ಅನಂತರ. 'ಎಮರ್ಜೆನ್ಸ್' ಎಂದರೆ ಮೊಳೆತು ಮೇಲೆ ಬರುವುದು. ಪ್ರೀ-ಎಮರ್ಜೆನ್ಸ್ ಕಳೆನಾಶಕವನ್ನು ಕಳೆ ಮೊಳೆಯುವ ಮುಂಚೆ ತೇವವಿರುವ ನೆಲಕ್ಕೆ ಸಿಂಪಡಿಸಬೇಕು. ಕಳೆ ಎದ್ದ ಮೇಲೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಎದ್ದ ಕಳೆಗೆ ಹೊಡೆಯುವುದು ಪೋಸ್ಟ್-ಎಮರ್ಜೆನ್ಸ್.

'ಸೆಲೆಕ್ಟಿವ್' ಎಂದರೆ ಆರಿಸಿ ಕೊಲ್ಲುವಂಥದು, 'ನಾನ್-ಸೆಲೆಕ್ಟಿವ್' ಎಂದರೆ ಹಸಿರಾಗಿರುವುದನ್ನೆಲ್ಲ ಕೊಲ್ಲುವಂಥದು. ಸೆಲೆಕ್ಟಿವ್ ಎಂದಿದ್ದರೂ ಯಾವ ಬೆಳೆಗೆ ಎಂಬುದನ್ನು ನೋಡಬೇಕು. ಮುಸುಕಿನ ಜೋಳಕ್ಕೆ ಹೊಂದುವ, ಅಗಲ ಎಲೆಯ ಕಳೆಗಳನ್ನು ಕೊಲ್ಲುವ ಕಳೆನಾಶಕವು ಅದೇ ಹೊಲದಲ್ಲಿ ಅಕ್ಕಡಿಯಾಗಿ ಹಾಕಿದ ಅಲಸಂದೆ, ತೊಗರಿಯನ್ನು ಕಳೆಯೆಂದೇ ಎಣಿಸಿ ಕೊಲ್ಲುತ್ತದೆ.

ಪ್ರಮಾಣದ ಪದಗಳು: ಹೆಚ್ಚಿನ ತಪ್ಪು ಆಗುವ ಜಾಗ

ಕರಪತ್ರದಲ್ಲಿ ಬೆಳೆವಾರು ಒಂದು ಪಟ್ಟಿ ಇರುತ್ತದೆ. ಅದರ ತಲೆಬರಹಗಳು ಸಾಮಾನ್ಯವಾಗಿ ಹೀಗಿರುತ್ತವೆ.

ಕ್ರಾಪ್ - ಬೆಳೆ. ಪೆಸ್ಟ್ - ಪೀಡೆ. ಡೋಸೇಜ್ ಪರ್ ಹೆಕ್ಟೇರ್ - ಒಂದು ಹೆಕ್ಟೇರಿಗೆ ಹಾಕಬೇಕಾದ ಪ್ರಮಾಣ. ಎ.ಐ. - 'ಆಕ್ಟಿವ್ ಇಂಗ್ರೀಡಿಯೆಂಟ್', ಅಂದರೆ ಕೆಲಸ ಮಾಡುವ ಮೂಲ ವಿಷ. ಫಾರ್ಮ್ಯುಲೇಷನ್ - ಅಂಗಡಿಯಲ್ಲಿ ಸಿಗುವ ರೂಪದ ಪದಾರ್ಥ. ಡೈಲ್ಯೂಷನ್ ಇನ್ ವಾಟರ್ - ಬೆರೆಸಬೇಕಾದ ನೀರು. ವೆಯ್ಟಿಂಗ್ ಪೀರಿಯಡ್ - ಕೊನೆಯ ಸಿಂಪಡಣೆಯಿಂದ ಕೊಯ್ಲಿನವರೆಗೆ ಕಾಯಬೇಕಾದ ದಿನಗಳು.

ಇಲ್ಲಿ ಎರಡು ತಪ್ಪುಗಳಾಗುತ್ತವೆ. ಮೊದಲನೆಯದು ಹೆಕ್ಟೇರನ್ನು ಎಕರೆ ಎಂದು ಓದುವುದು. ಒಂದು ಹೆಕ್ಟೇರ್ ಎಂದರೆ 2.47 ಎಕರೆ, ಸುಲಭದ ಲೆಕ್ಕಕ್ಕೆ ಎರಡೂವರೆ ಎಕರೆ. ಎರಡನೆಯದು ಎ.ಐ. ಎಂಬ ಅಂಕಣವನ್ನೇ ಹಾಕಬೇಕಾದ ಪ್ರಮಾಣವೆಂದು ತಿಳಿಯುವುದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಮ್ಯಾಂಕೊಜೆಬ್ 75 ಡಬ್ಲ್ಯೂ.ಪಿ. ಎಂಬ ಶಿಲೀಂಧ್ರನಾಶಕವಿದೆ. ಡಬ್ಲ್ಯೂ.ಪಿ. ಎಂದರೆ 'ವೆಟ್ಟಬಲ್ ಪೌಡರ್', ನೀರಿನಲ್ಲಿ ಕದಡುವ ಪುಡಿ. 75 ಎಂದರೆ ನೂರು ಗ್ರಾಂ ಪುಡಿಯಲ್ಲಿ ಮೂಲ ವಿಷ 75 ಗ್ರಾಂ, ಉಳಿದ 25 ಗ್ರಾಂ ಬೇರೆ ಪದಾರ್ಥ. ಪಟ್ಟಿಯಲ್ಲಿ ಎ.ಐ. 1.125 ಕಿಲೋ, ಫಾರ್ಮ್ಯುಲೇಷನ್ 1.5 ಕಿಲೋ, ನೀರು 750 ಲೀಟರ್ ಎಂದಿದ್ದರೆ ಹೆಕ್ಟೇರಿಗೆ ತೂಗಿ ಹಾಕಬೇಕಾದುದು 1.5 ಕಿಲೋ ಪುಡಿ. ಇದನ್ನು ಎರಡೂವರೆಯಿಂದ ಭಾಗಿಸಿದರೆ ಎಕರೆಗೆ 600 ಗ್ರಾಂ ಪುಡಿ, 300 ಲೀಟರ್ ನೀರು. 15 ಲೀಟರಿನ ಸಿಂಪಡಣಾ ಯಂತ್ರದಲ್ಲಿ 20 ಡಬ್ಬಗಳಾಗುತ್ತವೆ. ಡಬ್ಬಕ್ಕೆ 30 ಗ್ರಾಂ ಬೀಳುತ್ತದೆ.

ಹೆಕ್ಟೇರನ್ನು ಎಕರೆ ಎಂದು ಓದಿದ ರೈತ ಅದೇ 20 ಡಬ್ಬಗಳಿಗೆ 1.5 ಕಿಲೋ ಹಾಕುತ್ತಾನೆ. ಡಬ್ಬಕ್ಕೆ 75 ಗ್ರಾಂ ಆಯಿತು. ಖರ್ಚು ಎರಡೂವರೆ ಪಟ್ಟು, ಎಲೆ ಸುಡುವ ಭಯ, ಫಲದಲ್ಲಿ ವಿಷದ ಶೇಷ. ಎ.ಐ. ಅಂಕಣವನ್ನು ನೋಡಿದ ರೈತ ಡಬ್ಬಕ್ಕೆ 22.5 ಗ್ರಾಂ ಹಾಕುತ್ತಾನೆ. ರೋಗ ಸರಿಯಾಗಿ ಹತೋಟಿಗೆ ಬರುವುದಿಲ್ಲ, ಮತ್ತೆ ಸಿಂಪಡಿಸಬೇಕಾಗುತ್ತದೆ. ಇಬ್ಬರೂ ಒಳ್ಳೆಯ ಪದಾರ್ಥವನ್ನೇ ಕೊಂಡಿದ್ದರು. ಕೆಟ್ಟುದು ಒಂದೊಂದು ಪದದಿಂದ. ಪ್ರಮಾಣವು ಬೆಳೆಯಿಂದ ಬೆಳೆಗೆ ಬದಲಾಗುವುದರಿಂದ ಪ್ರತಿ ಸಲವೂ ಕೈಯಲ್ಲಿರುವ ಪೊಟ್ಟಣದ ಪಟ್ಟಿಯನ್ನೇ ನೋಡಬೇಕು.

ವೆಯ್ಟಿಂಗ್ ಪೀರಿಯಡ್ ಎಂಬುದು ಟೊಮ್ಯಾಟೊದಂತಹ ಬೆಳೆಯಲ್ಲಿ ಬಹು ಮುಖ್ಯ. ಮೂರು ನಾಲ್ಕು ದಿನಕ್ಕೊಮ್ಮೆ ಹಣ್ಣು ಬಿಡಿಸುವ ತೋಟಕ್ಕೆ ಏಳು ದಿನ ಕಾಯಬೇಕಾದ ಕೀಟನಾಶಕವನ್ನು ಹೊಡೆದರೆ ನಡುವಿನ ಕೊಯ್ಲು ತಿನ್ನಲು ಯೋಗ್ಯವಲ್ಲ. ಆದ್ದರಿಂದ ಕೊಳ್ಳುವ ಮುಂಚೆಯೇ ಈ ಅಂಕಣವನ್ನು ಓದಿ ಕಡಿಮೆ ದಿನ ಕಾಯುವಂಥದನ್ನು ಆರಿಸಬೇಕು. ಮೊದಲು ಹಣ್ಣು ಬಿಡಿಸಿ ಆಮೇಲೆ ಸಿಂಪಡಿಸಬೇಕು.

ಇದೇ ಜಾಗದಲ್ಲಿ ಕಾಣುವ ಇನ್ನೆರಡು ಪದಗಳು 'ಕಾಂಟ್ಯಾಕ್ಟ್' ಮತ್ತು 'ಸಿಸ್ಟಮಿಕ್'. ಕಾಂಟ್ಯಾಕ್ಟ್ ಎಂದರೆ ಸ್ಪರ್ಶ. ತಾಗಿದ ಕಡೆ ಮಾತ್ರ ಕೆಲಸ ಮಾಡುವುದರಿಂದ ಎಲೆಯ ಎರಡೂ ಬದಿ ನೆನೆಯುವಂತೆ ಸಿಂಪಡಿಸಬೇಕು. ಸಿಸ್ಟಮಿಕ್ ಎಂದರೆ ಅಂತರ್ವ್ಯಾಪಿ. ಗಿಡದ ರಸದಲ್ಲಿ ಸೇರಿ ಹರಿಯುತ್ತದೆ. ಅದು ಗಿಡದೊಳಗೇ ಇರುವುದರಿಂದ ಕಾಯಿಯನ್ನು ತೊಳೆದರೆ ಹೋಗುವುದಿಲ್ಲ.

ಬೀಜದ ಚೀಟಿ

1966ರ ಬೀಜ ಕಾಯಿದೆ ಹಾಗೂ 1968ರ ಬೀಜ ನಿಯಮಗಳ ಪ್ರಕಾರ ಬೀಜದ ಚೀಲಕ್ಕೆ ಚೀಟಿ ಇರಬೇಕು. ಬಣ್ಣವೇ ಮೊದಲ ಗುರುತು. 'ಬ್ರೀಡರ್' ತಳಿವರ್ಧಕರ ಬೀಜಕ್ಕೆ ಹೊಂಬಣ್ಣದ ಹಳದಿ, 'ಫೌಂಡೇಷನ್' ಮೂಲ ಬೀಜಕ್ಕೆ ಬಿಳಿ, 'ಸರ್ಟಿಫೈಡ್' ಪ್ರಮಾಣಿತ ಬೀಜಕ್ಕೆ ನೀಲಿ, 'ಟ್ರೂತ್‌ಫುಲ್ ಲೇಬಲ್' ಬೀಜಕ್ಕೆ ತಿಳಿ ಹಸಿರು.

ಟ್ರೂತ್‌ಫುಲ್ ಎಂದರೆ ಸತ್ಯವಾದ. ಈ ಪದವನ್ನು ಕಂಡು 'ಸರ್ಕಾರ ಪರೀಕ್ಷಿಸಿ ಸತ್ಯವೆಂದು ಹೇಳಿದೆ' ಎಂದು ತಿಳಿಯಬಾರದು. ಬೀಜ ಉತ್ಪಾದಕನೇ ತನ್ನ ಬೀಜದ ಗುಣವನ್ನು ತನ್ನ ಜವಾಬ್ದಾರಿಯ ಮೇಲೆ ಸಾರಿದ್ದಾನೆ ಎಂಬುದಷ್ಟೇ ಇದರ ಅರ್ಥ. ಸರ್ಟಿಫೈಡ್ ಬೀಜವಾದರೋ ಪ್ರಮಾಣನ ಸಂಸ್ಥೆ ಹೊಲವನ್ನು ನೋಡಿ ಒಪ್ಪಿದುದು.

ಜರ್ಮಿನೇಷನ್ - ಮೊಳಕೆ. 'ಜರ್ಮಿನೇಷನ್, ಮಿನಿಮಮ್ 70 ಪರ್ಸೆಂಟ್' ಎಂದರೆ ನೂರು ಬೀಜಕ್ಕೆ ಕನಿಷ್ಠ ಎಪ್ಪತ್ತು ಮೊಳೆಯಬೇಕು. ಸೂರ್ಯಕಾಂತಿಗೂ ನೆಲಗಡಲೆಗೂ ನಿಗದಿಯಾದ ಕನಿಷ್ಠ ಮಟ್ಟ ಇದೇ. ಹೈಬ್ರಿಡ್ ಮುಸುಕಿನ ಜೋಳಕ್ಕೆ ಶೇಕಡ 90. ಬಿತ್ತುವ ವಾರದ ಮುಂಚೆ ನೂರು ಬೀಜವನ್ನು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿದರೆ ಚೀಟಿಯ ಮಾತು ನಿಜವೇ ಎಂದು ಮನೆಯಲ್ಲಿಯೇ ತಿಳಿಯಬಹುದು.

ಪ್ಯೂರಿಟಿ - ಶುದ್ಧತೆ. ಇದರಲ್ಲಿ ಎರಡು ಬಗೆ. 'ಫಿಸಿಕಲ್ ಪ್ಯೂರಿಟಿ' ಎಂದರೆ ಕಸ, ಕಡ್ಡಿ, ಬೇರೆ ಕಾಳು ಇಲ್ಲದಿರುವುದು. 'ಜೆನೆಟಿಕ್ ಪ್ಯೂರಿಟಿ' ಎಂದರೆ ತಳಿಯ ಶುದ್ಧತೆ. ಕಣ್ಣಿಗೆ ಸ್ವಚ್ಛವಾಗಿ ಕಾಣುವ ಬೀಜದಲ್ಲಿ ತಳಿ ಬೆರಕೆಯಾಗಿದ್ದರೆ ಅದು ಹೂ ಬಿಡುವ ಕಾಲಕ್ಕೆ ಮಾತ್ರ ಗೊತ್ತಾಗುತ್ತದೆ.

ಡೇಟ್ ಆಫ್ ಟೆಸ್ಟ್ - ಪರೀಕ್ಷೆಯ ದಿನಾಂಕ. ವ್ಯಾಲಿಡ್ ಅಪ್ ಟು - ಈ ದಿನದವರೆಗೆ ಮಾನ್ಯ. ಪ್ರಮಾಣಿತ ಬೀಜಕ್ಕೆ ಇದು ಮೊದಲ ಪರೀಕ್ಷೆಯಿಂದ 9 ತಿಂಗಳು. ಲಾಟ್ ನಂಬರ್ - ಬೀಜದ ರಾಶಿಯ ಸಂಖ್ಯೆ. ಬೀಜ ಮೊಳೆಯದಿದ್ದರೆ ದೂರು ಕೊಡಲು ಲಾಟ್ ನಂಬರ್ ಇರುವ ಚೀಟಿ ಮತ್ತು ರಸೀದಿ ಎರಡೂ ಬೇಕು. ಕೊಯ್ಲು ಮುಗಿಯುವವರೆಗೆ ಇವನ್ನು ಜೋಪಾನವಾಗಿಡಬೇಕು.

ಹೈಬ್ರಿಡ್ - ಸಂಕರಣ ತಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಸೂರ್ಯಕಾಂತಿ ತಳಿಗಳಾದ ಕೆ.ಬಿ.ಎಸ್.ಎಚ್.-44, ಕೆ.ಬಿ.ಎಸ್.ಎಚ್.-53 ಇವುಗಳ ಹೆಸರಿನ ಕೊನೆಯ 'ಎಚ್' ಇದೇ ಪದವನ್ನು ಸೂಚಿಸುತ್ತದೆ. ಹೆಸರಿನಲ್ಲಿ ಹೈಬ್ರಿಡ್ ಅಥವಾ 'ಎಫ್-1' ಎಂದಿದ್ದರೆ ಅದರ ಬೆಳೆಯಿಂದ ಮುಂದಿನ ವರ್ಷಕ್ಕೆ ಬೀಜ ತೆಗೆದಿಡಬಾರದು. ಗಿಡಗಳು ಒಂದೇ ಸಮನಾಗಿ ಬರುವುದಿಲ್ಲ, ಇಳುವರಿ ಕುಗ್ಗುತ್ತದೆ.

ಉಪಚರಿಸಿದ ಬೀಜದ ಮೇಲೆ 'ಟ್ರೀಟೆಡ್ ಸೀಡ್. ಡು ನಾಟ್ ಯೂಸ್ ಫಾರ್ ಫುಡ್, ಫೀಡ್ ಆರ್ ಆಯಿಲ್' ಎಂಬ ವಾಕ್ಯವಿರುತ್ತದೆ. ಫುಡ್ ಎಂದರೆ ಮನುಷ್ಯರ ಆಹಾರ, ಫೀಡ್ ಎಂದರೆ ದನ ಕೋಳಿಗಳ ಮೇವು, ಆಯಿಲ್ ಎಂದರೆ ಎಣ್ಣೆ. ಬಿತ್ತಿ ಮಿಕ್ಕ ಬಣ್ಣದ ಬೀಜವನ್ನು ತೊಳೆದು ಕೋಳಿಗೆ ಹಾಕುವುದು, ಗಾಣಕ್ಕೆ ಕೊಡುವುದು ಸಲ್ಲದು. ತೊಳೆದರೆ ಬಣ್ಣ ಹೋದೀತು, ವಿಷ ಹೋಗುವುದಿಲ್ಲ.

ಗೊಬ್ಬರದ ಚೀಲ

ಹಿಂದೆ ರೈತರು ಚೀಲದ ಬಣ್ಣ, ಚಿತ್ರಗಳನ್ನು ನೋಡಿ ಗೊಬ್ಬರವನ್ನು ಗುರುತಿಸುತ್ತಿದ್ದರು. 2022ರ ಅಕ್ಟೋಬರಿನಿಂದ ಸಬ್ಸಿಡಿ ಗೊಬ್ಬರಗಳು 'ಭಾರತ್' ಎಂಬ ಒಂದೇ ಹೆಸರಿನಲ್ಲಿ ಬರುವಂತೆ ಯೋಜನೆಯಾಯಿತು. ಭಾರತ್ ಯೂರಿಯಾ, ಭಾರತ್ ಡಿ.ಎ.ಪಿ., ಭಾರತ್ ಎಂ.ಒ.ಪಿ., ಭಾರತ್ ಎನ್.ಪಿ.ಕೆ. ಎಂದು ಚೀಲಗಳು ಒಂದೇ ಮಾದರಿಯವಾದುದರಿಂದ ಅಕ್ಷರ, ಅಂಕಿಗಳನ್ನು ಓದುವುದು ಮೊದಲಿಗಿಂತ ಅವಶ್ಯವಾಗಿದೆ.

ಎನ್, ಪಿ, ಕೆ ಎಂಬುವು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್. ಚೀಲದ ಮೇಲೆ 10:26:26 ಎಂದಿದ್ದರೆ ಅಂಕಿಗಳು ಇದೇ ಕ್ರಮದಲ್ಲಿ ನೂರಕ್ಕೆ ಎಷ್ಟೆಂದು ಹೇಳುತ್ತವೆ. 50 ಕಿಲೋ ಚೀಲದಲ್ಲಿ 5 ಕಿಲೋ ಸಾರಜನಕ, 13 ಕಿಲೋ ರಂಜಕ, 13 ಕಿಲೋ ಪೊಟ್ಯಾಷ್ ಇರುತ್ತವೆ. ಡಿ.ಎ.ಪಿ. 18:46:0. ಕೊನೆಯ ಸೊನ್ನೆಯನ್ನು ಗಮನಿಸಬೇಕು. ಪೊಟ್ಯಾಷನ್ನು ಹೆಚ್ಚಾಗಿ ಬೇಡುವ ಅರಿಶಿನ, ಬಾಳೆಗಳಿಗೆ ಡಿ.ಎ.ಪಿ. ಒಂದೇ ಸಾಲದು.

ನೆಟ್ ವೆಯ್ಟ್ - ಚೀಲದ ತೂಕ ಕಳೆದು ಒಳಗಿನ ಗೊಬ್ಬರದ ತೂಕ. ಗ್ರಾಸ್ ವೆಯ್ಟ್ - ಚೀಲ ಸಹಿತ ತೂಕ. ಯೂರಿಯಾ ಚೀಲ 2018ರಿಂದ 45 ಕಿಲೋ ಆಗಿದೆ. ಹಳೆಯ 50 ಕಿಲೋ ಲೆಕ್ಕವನ್ನೇ ಇಟ್ಟುಕೊಂಡರೆ ಬೆಳೆಗೆ ಸಾರಜನಕ ಕಡಿಮೆ ಬೀಳುತ್ತದೆ. ನೀಮ್ ಕೋಟೆಡ್ - ಬೇವಿನ ಎಣ್ಣೆ ಲೇಪಿಸಿದ. ಎಂ.ಆರ್.ಪಿ. - ತೆರಿಗೆ ಸೇರಿ ಗರಿಷ್ಠ ಮಾರಾಟ ಬೆಲೆ. ಇದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಯೂಸ್ ನೋ ಹುಕ್ಸ್ - ಕೊಕ್ಕೆ ಹಾಕಬೇಡಿ. ತೂತಾದ ಚೀಲದಲ್ಲಿ ತೇವ ಸೇರಿ ಗೊಬ್ಬರ ಗಟ್ಟಿಯಾಗುತ್ತದೆ.

ಪೊಟ್ಯಾಷ್ ಎಂಬ ಪದದ ಹುಟ್ಟು ತಿಳಿದರೆ ಅದು ಮರೆಯುವುದಿಲ್ಲ. ಪಾಟ್ ಎಂದರೆ ಮಡಕೆ, ಆಷ್ ಎಂದರೆ ಬೂದಿ. ಹಿಂದೆ ಸೌದೆಯ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಮಡಕೆಗಳಲ್ಲಿ ಕಾಯಿಸಿ ಈ ಲವಣವನ್ನು ಪಡೆಯುತ್ತಿದ್ದರು. ಒಲೆಯ ಬೂದಿಯನ್ನು ಹಿತ್ತಿಲ ಬಾಳೆಗೆ ಹಾಕುವ ಮನೆಯವರು ಹಾಕುತ್ತಿರುವುದೂ ಪೊಟ್ಯಾಷನ್ನೇ.

ಮಣ್ಣಿನ ಚೀಟಿ, ಮಾರುಕಟ್ಟೆಯ ಪಟ್ಟಿ

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. 'ಆರ್ಗ್ಯಾನಿಕ್ ಕಾರ್ಬನ್' ಎಂದರೆ ಸಾವಯವ ಇಂಗಾಲ, ಅದು 0.5ಕ್ಕಿಂತ ಕಡಿಮೆ ಇದ್ದರೆ 'ಲೋ', 0.5ರಿಂದ 0.75 'ಮೀಡಿಯಂ', ಅದಕ್ಕೂ ಮೇಲೆ 'ಹೈ'. 'ಡೆಫಿಷಿಯೆಂಟ್' ಎಂದರೆ ಕೊರತೆ, 'ಸಫಿಷಿಯೆಂಟ್' ಎಂದರೆ ಸಾಕಷ್ಟು. ಈ ಕೊನೆಯ ಎರಡು ಪದಗಳು ಕೇಳಲು ಒಂದೇ ತರಹ, ಅರ್ಥದಲ್ಲಿ ತಿರುಗುಮುರುಗು. ಜಿಂಕ್ ಮುಂದೆ ಯಾವುದಿದೆ ಎಂದು ನೋಡದೆ ಸತುವಿನ ಸಲ್ಫೇಟ್ ಕೊಳ್ಳಬಾರದು.

ಅರಿಶಿನವನ್ನು ಈರೋಡಿನ ಮಾರುಕಟ್ಟೆಗೆ ಒಯ್ಯುವ ಬೆಳೆಗಾರರು 'ಫಿಂಗರ್', 'ಬಲ್ಬ್' ಎಂಬ ಪದಗಳನ್ನು ಕೇಳಿರುತ್ತಾರೆ. ಫಿಂಗರ್ ಎಂದರೆ ಬೆರಳು, ಇಲ್ಲಿ ಬೆರಳಿನಂತಹ ಕೊಂಬು. ಬಲ್ಬ್ ಎಂದರೆ ಇಲ್ಲಿ ತಾಯಿಗಡ್ಡೆ. ಎರಡಕ್ಕೂ ಬೇರೆ ಬೇರೆ ಧಾರಣೆ ಇರುವುದರಿಂದ ಬೇರ್ಪಡಿಸಿಯೇ ಒಯ್ಯಬೇಕು. ಧಾರಣೆಯ ಪಟ್ಟಿಯಲ್ಲಿ 'ಮಿನಿಮಮ್' ಕನಿಷ್ಠ, 'ಮ್ಯಾಕ್ಸಿಮಮ್' ಗರಿಷ್ಠ, 'ಮೋಡಲ್' ಎಂದರೆ ಹೆಚ್ಚಿನ ಮಾಲು ಮಾರಾಟವಾದ ಬೆಲೆ. ಗರಿಷ್ಠ ಬೆಲೆಯನ್ನು ಮಾತ್ರ ನೋಡಿ ಗಾಡಿ ಕಟ್ಟಿದವರಿಗೆ ನಿರಾಶೆಯಾಗುವುದು ಸಹಜ. ನೋಡಬೇಕಾದುದು ಮೋಡಲ್ ಬೆಲೆ.

ಕಲಿಯುವ, ಕಲಿಸುವ ಕ್ರಮ

ಇದಕ್ಕೆ ಒಂದು ನೋಟ್ ಪುಸ್ತಕ ಸಾಕು. ಪುಟವನ್ನು ನಾಲ್ಕು ಅಂಕಣ ಮಾಡಿ ಪದ, ಅರ್ಥ, ವಾಕ್ಯ, ಕೆಲಸ ಎಂದು ಬರೆಯಬೇಕು. ದಿನಕ್ಕೆ ಮೂರು ಪದದಂತೆ ಕಲಿತರೆ ಮೂರು ವಾರದೊಳಗೆ ಮುಖ್ಯವಾದ ಪದಗಳೆಲ್ಲ ಮುಗಿಯುತ್ತವೆ. ಪದವನ್ನು ಇಂಗ್ಲಿಷ್ ಅಕ್ಷರದಲ್ಲಿಯೂ ಬರೆದುಕೊಳ್ಳಬೇಕು. ಚೀಟಿಯ ಮೇಲೆ ಕಾಣುವುದು ಆ ರೂಪವೇ. ಶಾಲೆಗೆ ಹೋಗುವ ಮಕ್ಕಳ ನೆರವು ಪಡೆಯಬಹುದು. ಆದರೆ ಇದಕ್ಕಾಗಿ ಮಕ್ಕಳ ಕೈಗೆ ಶೀಸೆಯನ್ನು ಕೊಡಬಾರದು. ಕರಪತ್ರ, ಬೀಜದ ಚೀಟಿ ಮುಂತಾದುವನ್ನು ಮಾತ್ರ ಕೊಡಬೇಕು.

ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ಹೊಸ ಕೀಟನಾಶಕದ ಹೆಸರು ಹೇಳುವುದರ ಜೊತೆಗೆ ಒಂದು ಕರಪತ್ರವನ್ನು ಓದಿಸುವ ಪದ್ಧತಿ ಇಟ್ಟುಕೊಳ್ಳುವುದು ಉಚಿತ. ಸಿಂಪಡಣೆಯ ಕೂಲಿಯವರನ್ನೂ, ಬೀಜ ಗೊಬ್ಬರ ಜೋಪಾನ ಮಾಡುವ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳಬೇಕು. ವಿಷದ ಹತ್ತಿರ ಹೆಚ್ಚು ಹೊತ್ತು ಇರುವವರು ಅವರೇ. ಓದಲು ಬಾರದವರಿಗೆ ಚೌಕದ ನಾಲ್ಕು ಬಣ್ಣಗಳನ್ನಾದರೂ ಕಲಿಸಬೇಕು.

ಅಭ್ಯಾಸ

ಕೆಳಗಿನ ವಾಕ್ಯಗಳ ಅರ್ಥವನ್ನು ಮೊದಲು ತಾವೇ ಹೇಳಿ, ಆಮೇಲೆ ಉತ್ತರವನ್ನು ನೋಡಬಹುದು.

1. ಶೇಕ್ ವೆಲ್ ಬಿಫೋರ್ ಯೂಸ್.
2. ಡು ನಾಟ್ ಸ್ಪ್ರೇ ಅಗೇನ್ಸ್ಟ್ ದಿ ವಿಂಡ್.
3. ವೇರ್ ಗ್ಲೌಸ್ ಅಂಡ್ ಮಾಸ್ಕ್ ವೈಲ್ ಮಿಕ್ಸಿಂಗ್.
4. ಡು ನಾಟ್ ರೀಯೂಸ್ ದಿ ಕಂಟೇನರ್.
5. ಟಾಕ್ಸಿಕ್ ಟು ಹನಿ ಬೀಸ್. ಡು ನಾಟ್ ಸ್ಪ್ರೇ ಡ್ಯೂರಿಂಗ್ ಫ್ಲವರಿಂಗ್.

ಉತ್ತರ: 1. ಬಳಸುವ ಮುಂಚೆ ಚೆನ್ನಾಗಿ ಕುಲುಕಿ. 2. ಗಾಳಿಗೆ ಎದುರಾಗಿ ಸಿಂಪಡಿಸಬೇಡಿ. 3. ಬೆರೆಸುವಾಗ ಕೈಗವಸು, ಮುಖಗವಸು ಧರಿಸಿ. 4. ಡಬ್ಬವನ್ನು ಮತ್ತೆ ಬಳಸಬೇಡಿ. ನೀರು, ಎಣ್ಣೆ, ಹಾಲಿಗೆ ಎಷ್ಟು ತೊಳೆದರೂ ಅದು ಯೋಗ್ಯವಲ್ಲ. 5. ಜೇನ್ನೊಣಗಳಿಗೆ ವಿಷ, ಹೂ ಬಿಟ್ಟಿರುವಾಗ ಸಿಂಪಡಿಸಬೇಡಿ. ಸೂರ್ಯಕಾಂತಿಯಲ್ಲಿ ಕಾಳು ಕಟ್ಟಲು ಜೇನ್ನೊಣಗಳ ಓಡಾಟ ಬೇಕು. ಈ ವಾಕ್ಯವನ್ನು ಮೀರಿದರೆ ತೆನೆಯಲ್ಲಿ ಜೊಳ್ಳು ಹೆಚ್ಚುತ್ತದೆ.

ಕೊಳ್ಳುವಾಗ ಕನ್ನಡದ ಕರಪತ್ರವನ್ನು ಕೇಳಿ ಪಡೆಯುವುದನ್ನು ಮಾತ್ರ ಬಿಡಬಾರದು. ಇಂಗ್ಲಿಷ್ ಪದಗಳನ್ನು ಕಲಿಯುವುದು ಕನ್ನಡದ ಬರಹಕ್ಕೆ ಬದಲಾಗಿ ಅಲ್ಲ. ಅದು ಸಿಗದಾಗಲೂ ಸಣ್ಣ ಅಕ್ಷರದಲ್ಲಿ ಅಳಿಸಿಹೋದಾಗಲೂ ಕೈಕಟ್ಟಿ ನಿಲ್ಲದಿರಲು. ಅರ್ಥವಾಗದ ಪದ ಕಂಡಾಗ ಊಹೆಯ ಮೇಲೆ ನಡೆಯದೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ, ಹರದನಹಳ್ಳಿ ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಚೀಟಿಯನ್ನು ತೋರಿಸಿ ಕೇಳಬೇಕು. ಪೊಟ್ಟಣವನ್ನು ಬಿಚ್ಚುವ ಮುಂಚೆಯೇ ಕೇಳುವುದು ಒಳ್ಳೆಯದು. ಅರ್ಥ ತಿಳಿದ ಮೇಲೆ ಅದು ಬೇಡವೆನಿಸಿದರೆ ಅಂಗಡಿಗೆ ಹಿಂದಿರುಗಿಸಲು ಅವಕಾಶವಿರುತ್ತದೆ.